ಹುಳುವಿನೊಳಗೆ ಅಡಗಿದ್ದ ಬ್ಯಾಕ್ಟೀರಿಯಾ

ನಾಯಿಯ ಹೃದಯಹುಳುವನ್ನು ಕೊಲ್ಲುವ ಮದ್ದು ಪಶುವೈದ್ಯರ ಕೈಗೆ ಬಂದು ಬಹಳ ಕಾಲವಾಗಿತ್ತು. ಅವರನ್ನು ಕಾಡುತ್ತಿದ್ದುದು ಹುಳು ಸತ್ತ ಮೇಲಿನ ದಿನಗಳು. ಆರ್ಸೆನಿಕ್ ಬೆರೆತ ಚುಚ್ಚುಮದ್ದು ಕೊಟ್ಟ ಕೆಲವು ದಿನಗಳಿಗೋ ವಾರಗಳಿಗೋ ನಾಯಿಗೆ ಜ್ವರ, ಕೆಮ್ಮು, ಏದುಸಿರು ಶುರುವಾಗುತ್ತಿತ್ತು. ಕೆಲವು ನಾಯಿಗಳು ರಕ್ತ ಕೆಮ್ಮಿ ಸಾಯುತ್ತಿದ್ದವು. ಸತ್ತ ಹುಳುವಿನ ತುಣುಕುಗಳು ಶ್ವಾಸಕೋಶದ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ ಎಂಬುದು ತಿಳಿದಿತ್ತು. ಆದರೂ ಅಲ್ಲಿ ಏಳುತ್ತಿದ್ದ ಉರಿಯೂತಕ್ಕೆ ಆ ಉತ್ತರವೊಂದೇ ಸಾಲುತ್ತಿರಲಿಲ್ಲ.

ಈ ಹುಳುವಿನ ಹೆಸರು ಡೈರೋಫೈಲೇರಿಯಾ ಇಮಿಟಿಸ್. 1856ರಲ್ಲಿ ಫಿಲಡೆಲ್ಫಿಯಾದ ಜೋಸೆಫ್ ಲೀಡಿ ಇದನ್ನು ವಿವರಿಸಿದರು. ಸೊಳ್ಳೆ ಕಚ್ಚಿದಾಗ ಮರಿ ಒಳಸೇರುತ್ತದೆ. ಬೆಳೆದ ಹೆಣ್ಣು ಹುಳು ಸುಮಾರು 30 ಸೆಂಟಿಮೀಟರ್ ಉದ್ದವಾಗಿ, ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳಗಳಲ್ಲಿ ಐದಾರು ವರ್ಷ ಬದುಕುತ್ತದೆ. ಇಷ್ಟು ದೊಡ್ಡ ಜೀವಿ ಕಣ್ಣೆದುರಿಗೇ ಇದ್ದಾಗ ನಾಯಿಯ ಎಲ್ಲ ಸಂಕಟಕ್ಕೂ ಅದೇ ಕಾರಣವೆಂದು ಯಾರಿಗಾದರೂ ಅನ್ನಿಸುವುದು ಸಹಜ.

1970ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇಂಥ ಹುಳುಗಳ ಒಳಗನ್ನು ತೋರಿಸಿತು. ಹೃದಯಹುಳು ಸೇರಿದ ಫೈಲೇರಿಯಾ ಗುಂಪಿನ ಹಲವು ಹುಳುಗಳ ಜೀವಕೋಶಗಳಲ್ಲಿ, ಹೆಣ್ಣಿನ ಅಂಡಾಶಯದಲ್ಲೂ, ಬ್ಯಾಕ್ಟೀರಿಯಾದಂಥ ಕಣಗಳು ಕಂಡವು. ನೋಡಿದವರು ಅದನ್ನು ಬರೆದಿಟ್ಟರು. ಆದರೆ ಅವು ಅಲ್ಲಿ ಏನು ಮಾಡುತ್ತಿವೆ ಎಂಬ ಪ್ರಶ್ನೆಯ ಬೆನ್ನು ಹತ್ತಿದವರು ವಿರಳ. ಹೆಚ್ಚುಕಡಿಮೆ ಎರಡು ದಶಕ ಹೀಗೇ ಕಳೆಯಿತು. ಈ ಕತೆಯಲ್ಲಿ ನನ್ನನ್ನು ಹೆಚ್ಚು ನೋಯಿಸುವುದು ಈ ಮೌನವೇ, ಏಕೆಂದರೆ ಮುಂದೆ ಚಿಕಿತ್ಸೆಯನ್ನೇ ಬದಲಿಸಿದ ಟೆಟ್ರಾಸೈಕ್ಲಿನ್ ಗುಂಪಿನ ಪ್ರತಿಜೀವಕ ಔಷಧಿಗಳು ಆಗಲೇ ಅಂಗಡಿಗಳಲ್ಲಿದ್ದವು.

1995ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕ್ಲಾಡಿಯೋ ಬಾಂಡಿ ಮತ್ತು ಜೊತೆಗಾರರು ಹೃದಯಹುಳುವಿನೊಳಗಿನ ಆ ಕಣಗಳ ಡಿಎನ್ಎ ಓದಿದರು. ಅದು ವೋಲ್ಬಾಕಿಯಾದ ಹತ್ತಿರದ ಸಂಬಂಧಿ. ಈ ಬ್ಯಾಕ್ಟೀರಿಯಾವನ್ನು ಹರ್ಟಿಗ್ ಮತ್ತು ವೋಲ್ಬಾಕ್ 1924ರಲ್ಲೇ ಸೊಳ್ಳೆಯೊಳಗೆ ಕಂಡಿದ್ದರು. ಕೀಟಲೋಕದ್ದೆಂದೇ ತಿಳಿದಿದ್ದ ಅದು ಈಗ ಹುಳುವಿನಲ್ಲಿ ಸಿಕ್ಕಿತು. 1999ರಲ್ಲಿ ಅಖಿಮ್ ಹ್ಯೋರಾಫ್ ಮತ್ತು ಸಂಗಡಿಗರು, ಫೈಲೇರಿಯಾ ಹುಳು ತಗುಲಿದ ಇಲಿಗಳಿಗೆ ಟೆಟ್ರಾಸೈಕ್ಲಿನ್ ಕೊಟ್ಟರೆ ಬ್ಯಾಕ್ಟೀರಿಯಾ ಅಳಿದು ಹುಳು ಬಂಜೆಯಾಗುತ್ತದೆ ಎಂದು ತೋರಿಸಿದರು. ಹುಳುವಿನ ವಂಶ ಬೆಳೆಯುವುದಕ್ಕೆ ಆ ಬ್ಯಾಕ್ಟೀರಿಯಾ ಬೇಕಿತ್ತು.

ಉರಿಯೂತದ ಗಂಟು ಬಿಡಿಸಿಕೊಂಡದ್ದು ಇದರ ಬೆನ್ನಲ್ಲೇ. ಹುಳು ಸತ್ತಾಗ ಅದರೊಳಗಿನ ಬ್ಯಾಕ್ಟೀರಿಯಾ ನಾಯಿಯ ರಕ್ತಕ್ಕೆ ಚೆಲ್ಲಿಕೊಳ್ಳುತ್ತದೆ. ವೋಲ್ಬಾಕಿಯಾದ ಮೇಲ್ಮೈಯಲ್ಲಿರುವ ಒಂದು ಪ್ರೋಟೀನ್, ನಾಯಿಯ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಕೆರಳಿಸುತ್ತದೆ ಎಂದು 2003ರಲ್ಲಿ ಕಿಯಾರಾ ಬಾಝೋಕಿ ಮತ್ತು ಸಂಗಡಿಗರು ಪ್ರಕಟಿಸಿದರು. ಕೆರಳಿದ ಕಣಗಳು ಇಂಟರ್‌ಲ್ಯೂಕಿನ್-8 ಹೊರಬಿಟ್ಟು ಇನ್ನಷ್ಟು ಕಣಗಳನ್ನು ಕರೆಯುತ್ತವೆ.

ಬಂದ ನ್ಯೂಟ್ರೋಫಿಲ್‌ಗಳ ಆಯುಧ ಯಾವುದೆಂದು ಬೇರೊಂದು ದಾರಿಯಲ್ಲಿ ಆಗಲೇ ಗೊತ್ತಾಗಿತ್ತು. ಸೂಪರಾಕ್ಸೈಡ್ ಎಂಬ ಉಗ್ರ ಆಮ್ಲಜನಕವನ್ನು ತಣಿಸುವ ಕಿಣ್ವವನ್ನು 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೋವಿಚ್ ಗುರುತಿಸಿದ್ದರು. ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾ ಕೊಲ್ಲಲು ಅದೇ ಸೂಪರಾಕ್ಸೈಡ್ ತಯಾರಿಸುತ್ತವೆ ಎಂದು 1973ರಲ್ಲಿ ಬೇಬಿಯರ್ ತಂಡ ತೋರಿಸಿತು. ಗದ್ದೆಯ ಕಳೆಗೆ ಹಚ್ಚಿದ ಬೆಂಕಿ ಬದುವಿನ ಬೇಲಿಗೂ ಹಬ್ಬುವ ಹಾಗೆ, ಆ ಆಮ್ಲಜನಕ ರಕ್ತನಾಳದ ಒಳಪದರವನ್ನೂ ಸುಡುತ್ತದೆ. ದೇಹದ ರಕ್ಷಕ ಕಿಣ್ವಗಳು ಇದನ್ನು ತಡೆದುಕೊಳ್ಳಲಾರದ ಸ್ಥಿತಿಯೇ ಆಕ್ಸಿಡೇಟಿವ್ ಸ್ಟ್ರೆಸ್. ಒಳಪದರ ಹಾಳಾದ ಕಡೆ ರಕ್ತ ಹೆಪ್ಪುಗಟ್ಟುತ್ತದೆ, ನಾಳ ದಪ್ಪವಾಗುತ್ತದೆ, ಹೃದಯದ ಬಲಭಾಗಕ್ಕೆ ಹೊರೆ ಬೀಳುತ್ತದೆ. ನಾಯಿಯನ್ನು ಕೊಲ್ಲುತ್ತಿದ್ದುದರಲ್ಲಿ ಅದರ ಸ್ವಂತ ರಕ್ಷಣಾಪಡೆಯ ಪಾಲೂ ಇತ್ತು.

ಹುಳುವಿಗಿಂತ ಮೊದಲು ಬ್ಯಾಕ್ಟೀರಿಯಾವನ್ನು ತೆಗೆದರೆ? ಪಾರ್ಮಾದ ಲಾರಾ ಕ್ರೇಮರ್ ಮತ್ತಿತರರ ಪ್ರಯೋಗಗಳಲ್ಲಿ, ಟೆಟ್ರಾಸೈಕ್ಲಿನ್ ಗುಂಪಿನದೇ ಆದ ಡಾಕ್ಸಿಸೈಕ್ಲಿನ್ ಮತ್ತು ಹುಳುನಾಶಕ ಐವರ್‌ಮೆಕ್ಟಿನ್ ಮೊದಲು ಪಡೆದ ನಾಯಿಗಳ ಶ್ವಾಸಕೋಶಕ್ಕೆ ಹಾನಿ ಕಡಿಮೆಯಾಗಿತ್ತು. ಅಮೆರಿಕನ್ ಹಾರ್ಟ್‌ವರ್ಮ್ ಸೊಸೈಟಿ ಇಂದು ಸೂಚಿಸುವ ಕ್ರಮವೂ ಇದೇ: ನಾಲ್ಕು ವಾರ ಡಾಕ್ಸಿಸೈಕ್ಲಿನ್, ಒಂದು ತಿಂಗಳ ಬಿಡುವು, ಆಮೇಲೆ ಹುಳು ಕೊಲ್ಲುವ ಆರ್ಸೆನಿಕ್ ಮದ್ದಾದ ಮೆಲಾರ್ಸೊಮಿನ್‌ನ ಮೂರು ಚುಚ್ಚುಮದ್ದು. ಅಷ್ಟೂ ದಿನ ನಾಯಿಯನ್ನು ಓಡಲು ಬಿಡುವಂತಿಲ್ಲ. ನಮ್ಮ ಆನೆಕಾಲು ರೋಗದ ಹುಳುವಿನಲ್ಲೂ ವೋಲ್ಬಾಕಿಯಾ ಇದೆ; ಅಲ್ಲಿಯೂ ಡಾಕ್ಸಿಸೈಕ್ಲಿನ್ ಬಳಕೆಗೆ ಬಂದದ್ದು ಇದೇ ಕಾರಣಕ್ಕೆ.