ಮಾತು ಹೋಗಿದೆ, ಬುದ್ಧಿ ಹೋಗಿಲ್ಲ: ಲಕ್ವ ಆದಮೇಲೆ ಬರುವ ಅಫೇಸಿಯಾ

ಉಲ್ಲಾಳದಿಂದ ಮಾತಾಡ್ತಿದ್ದೀನಿ. ಮಂಗಳೂರಿನ ಉಳ್ಳಾಲ ಅಲ್ಲ, ನಮ್ಮ ಕೆಂಗೇರಿ ಪಕ್ಕದ ಉಲ್ಲಾಳ. ಇವತ್ತಿನ ವಿಷಯ ಅಫೇಸಿಯಾ.

ಒಂದು ಮನೆ ಊಹಿಸಿಕೊಳ್ಳಿ. ಅಪ್ಪನಿಗೆ 58 ವರ್ಷ, ಪ್ರಾವಿಷನ್ ಸ್ಟೋರ್ ಇದೆ. ಮನೇಲಿ ತೆಲುಗು, ಅಂಗಡೀಲಿ ಕನ್ನಡ. ಒಂದು ದಿನ ಲಕ್ವ ಹೊಡೆಯುತ್ತೆ. ಆಸ್ಪತ್ರೆಯಿಂದ ಬಂದಮೇಲೆ ಲೋಟ ತೋರಿಸಿ "ಅದು... ಅದು..." ಅಂತಾರೆ, ಇಲ್ಲಾಂದ್ರೆ "ತಟ್ಟೆ" ಅಂತಾರೆ. ಹದಿನೈದೇ ದಿನಕ್ಕೆ ಮನೆಯವರು ತೀರ್ಮಾನ ಮಾಡಿಬಿಡ್ತಾರೆ: "ಅವರಿಗೇನೂ ಗೊತ್ತಾಗಲ್ಲ." ಅಂಗಡಿ ಲೆಕ್ಕ, ಮಗಳ ಮದುವೆ ಮಾತುಕತೆ, ಎಲ್ಲ ಅವರ ಎದುರಿಗೇ ನಡೆಯುತ್ತೆ, ಅವರನ್ನ ಒಂದು ಮಾತೂ ಕೇಳದೆ. ಆ ತೀರ್ಮಾನ ಯಾಕೆ ತಪ್ಪು ಅನ್ನೋದೇ ಇವತ್ತಿನ ಎಪಿಸೋಡ್.

ಹೆಚ್ಚಿನವರಿಗೆ ಭಾಷೆಯ ಕೆಲಸ ನಡೆಯೋದು ಮೆದುಳಿನ ಎಡಭಾಗದಲ್ಲಿ. ಅಲ್ಲಿಗೆ ರಕ್ತ ಹೋಗದಿದ್ದರೆ ಬಲಗೈ, ಬಲಗಾಲಿನ ಜೊತೆ ಮಾತಿಗೂ ಪೆಟ್ಟು ಬೀಳುತ್ತೆ. ಸ್ಟ್ರೋಕ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಅಫೇಸಿಯಾ ಬರುತ್ತೆ. ನಾನು ಕಾಮರ್ಸ್ ಓದಿದವನು, ನನ್ನ ಭಾಷೇಲಿ ಹೇಳ್ತೀನಿ: ಅಕೌಂಟಲ್ಲಿ ದುಡ್ಡಿದೆ, ಯುಪಿಐ ಸರ್ವರ್ ಡೌನ್ ಆಗಿದೆ. ಪೇಮೆಂಟ್ ಫೇಲ್ ಆಯ್ತು ಅಂತ ಆ ಮನುಷ್ಯ ದಿವಾಳಿ ಅನ್ನೋಕಾಗುತ್ತಾ?

ನಾವು "ಲೋಟ" ಅನ್ನೋ ಮೊದಲು ಮೆದುಳಲ್ಲಿ ಹಲವು ಕೆಲಸ ನಡೆಯುತ್ತೆ. ಮೊದಲು ವಸ್ತು ಏನು ಅಂತ ಗೊತ್ತಾಗಬೇಕು. ಆಮೇಲೆ ಅದರ ಪದ ಸಿಗಬೇಕು. ಪದದ ಧ್ವನಿಗಳು ಸಾಲಾಗಿ ನಿಲ್ಲಬೇಕು. ಕೊನೆಗೆ ಬಾಯಿ ಅದನ್ನ ಆಡಬೇಕು. "ತಟ್ಟೆ" ಅಂದವರಿಗೆ ಅದು ಅಡುಗೆಮನೆ ವಸ್ತು ಅಂತ ಗೊತ್ತು, ಪಕ್ಕದ ಪದ ಕೈಗೆ ಸಿಕ್ಕಿದೆ ಅಷ್ಟೆ. ಕೆಲವರಿಗೆ ಬೇರೆಯವರ ಮಾತು ಅರ್ಥ ಮಾಡಿಕೊಳ್ಳೋದೂ ಕಷ್ಟ ಆಗುತ್ತೆ. ಅಂಥವರು ಸರಾಗವಾಗಿ ಮಾತಾಡಿದರೂ ಅರ್ಥ ಕೂಡೋದಿಲ್ಲ. ಹಾಗಾಗಿ ಯಾವ ಹಂತದಲ್ಲಿ ತೊಂದರೆ ಅಂತ ಮೊದಲು ಪರೀಕ್ಷೆ ಮಾಡಬೇಕು.

ಪರೀಕ್ಷೆ ಯಾವ ಭಾಷೇಲಿ? ಇಂಗ್ಲಿಷ್ ಪ್ರಶ್ನೆಗಳನ್ನ ಹಾಗೇ ಅನುವಾದ ಮಾಡಿದರೆ ಸಾಲದು. "ಅಂಗಡಿಗೆ ಹೋಗಿದ್ದೆ" ಅನ್ನೋ ಎರಡೇ ಪದದಲ್ಲಿ ಯಾರು, ಎಲ್ಲಿಗೆ, ಯಾವಾಗ ಅನ್ನೋದೆಲ್ಲ ಪದದ ಬಾಲದಲ್ಲಿದೆ. ಕನ್ನಡಿಗರಲ್ಲಿ ಏನು ಕೈಕೊಟ್ಟಿದೆ ಅಂತ ತಿಳಿಯೋಕೆ ಆ ಬಾಲಗಳನ್ನೂ ನೋಡಬೇಕು. ಜಗತ್ತಿನಾದ್ಯಂತ ಬಳಸೋ ವೆಸ್ಟರ್ನ್ ಅಫೇಸಿಯಾ ಬ್ಯಾಟರಿಗೆ ಕನ್ನಡ ರೂಪ ಇದೆ. ಅದರ ಅಂಕಿಅಂಶಗಳು 2008ರಲ್ಲಿ ಪ್ರಕಟವಾಗಿವೆ.

ನಮ್ಮ ಕಡೆ ಎರಡು ಮೂರು ಭಾಷೆ ಆಡೋ ಮನೆಗಳೇ ಜಾಸ್ತಿ. ಈಗ ನಿಮ್ಹಾನ್ಸ್‌ನಲ್ಲಿರೋ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದ್‌ನ 608 ಸ್ಟ್ರೋಕ್ ರೋಗಿಗಳನ್ನ ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದರು. ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ 40.5% ಜನರ ನೆನಪು, ಗಮನ, ಯೋಚನಾಶಕ್ತಿ ಸರಿಯಾಗಿ ಉಳಿದಿತ್ತು. ಒಂದೇ ಭಾಷೆಯವರಲ್ಲಿ 19.6%. ಆದರೆ ಅಫೇಸಿಯಾ ಬಂದ ಪ್ರಮಾಣ ಎರಡೂ ಗುಂಪಲ್ಲಿ ಹೆಚ್ಚುಕಡಿಮೆ ಒಂದೇ. ಅಂದರೆ ಮಾತು ಕೈಕೊಟ್ಟಿದೆ ಅನ್ನೋದು ಬೇರೆ, ಯೋಚನೆ ಕೈಕೊಟ್ಟಿದೆ ಅನ್ನೋದು ಬೇರೆ. ನಮ್ಮ ಅಂಗಡಿ ಅಪ್ಪನಂಥವರು ಥೆರಪಿಗೆ ಹೋದರೆ, ಯಾವ ಭಾಷೆ ಎಲ್ಲಿ ಆಡ್ತಿದ್ದರು ಅಂತ ಮೊದಲ ದಿನವೇ ಹೇಳಿ.

ಈಗ ಮುಖ್ಯ ವಿಷಯ. ಕೈಕಾಲಿಗೆ ಫಿಸಿಯೋಥೆರಪಿ ಮಾಡಿಸ್ತೀವಿ, ಮಾತಿಗೆ ಮಾತ್ರ "ತಾನಾಗೇ ಬರುತ್ತೆ ಬಿಡಿ" ಅಂತೀವಿ. ಆರು ತಿಂಗಳಾದರೆ "ಇನ್ನು ಬರಲ್ಲ" ಅಂತ ಕೈಬಿಡ್ತೀವಿ. 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಜರ್ಮನಿಯ ಪ್ರಯೋಗದಲ್ಲಿ ಇದ್ದವರು 156 ಜನ, ಎಲ್ಲರಿಗೂ ಸ್ಟ್ರೋಕ್ ಆಗಿ ಆರು ತಿಂಗಳು ದಾಟಿತ್ತು. ವಾರಕ್ಕೆ ಕನಿಷ್ಠ 10 ಗಂಟೆಯಂತೆ ಮೂರು ವಾರ ಥೆರಪಿ ಪಡೆದವರ ದಿನನಿತ್ಯದ ಮಾತು ಸುಧಾರಿಸಿತು, ಕಾಯುತ್ತಾ ಕೂತವರದ್ದು ಇಲ್ಲ. ಎಲ್ಲರಿಗೂ ಮೊದಲಿನಂತೆ ಮಾತು ಬರುತ್ತೆ ಅಂತಲ್ಲ. ತಡ ಆಯ್ತು ಅಂತ ಬಾಗಿಲು ಮುಚ್ಚೋದಿಲ್ಲ ಅಂತ.

ಎಲ್ಲಿಗೆ ಹೋಗೋದು? ಬೆಂಗಳೂರಲ್ಲಿ ನಿಮ್ಹಾನ್ಸ್ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಅಂದರೆ ಆಯಿಷ್ ಇದೆ. ಹತ್ತಿರದ ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋಗೋದಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯಾ ಕೇಳಿ.

ಮನೇಲಿ ನಾವು ಮಾಡಬಹುದಾದ್ದು:

ಟಿವಿ ಆಫ್ ಮಾಡಿ. ಒಬ್ಬೊಬ್ಬರೇ, ಚಿಕ್ಕ ವಾಕ್ಯದಲ್ಲಿ ಮಾತಾಡಿ.

"ಏನು ತಿಂತೀರಾ?" ಬದಲು "ಇಡ್ಲೀನಾ, ಉಪ್ಪಿಟ್ಟಾ?" ಅಂತ ಕೇಳಿ. ಮೊಬೈಲಲ್ಲಿ ಫೋಟೋ ತೋರಿಸಿ.

ಪದ ಸಿಗದಿದ್ದರೆ ತಕ್ಷಣ ನೀವೇ ಹೇಳಬೇಡಿ. ಸ್ವಲ್ಪ ಕಾಯಿರಿ. "ನೀರು ಕುಡಿಯೋಕೆ ಬೇಕಲ್ಲ" ಅಂತ ಸುಳಿವು ಕೊಡಿ, ಆಮೇಲೆ "ಲೋ..." ಅಂತ ಶುರುಮಾಡಿಕೊಡಿ.

ಹಿರಿಯರ ಜೊತೆ ಮಗುವಿನ ದನಿಯಲ್ಲಿ ಮಾತು ಬೇಡ. ಕಿವಿ ಸರಿಯಿದ್ದರೆ ಕಿರುಚೋದೂ ಬೇಡ.

ಕೊನೇದಾಗಿ, ಯಾರಿಗಾದರೂ ಇದ್ದಕ್ಕಿದ್ದಂತೆ ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಕೈ ಎತ್ತೋಕಾಗದಿದ್ದರೆ ಮಲಗಿಸಿ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಹೆಪ್ಪುಗಟ್ಟಿದ ರಕ್ತ ಕರಗಿಸೋ ಇಂಜೆಕ್ಷನ್ನನ್ನ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಯಾವಾಗ ಶುರುವಾಯ್ತು ಅಂತ ಟೈಮ್ ನೋಡಿಟ್ಟುಕೊಳ್ಳಿ, ಡಾಕ್ಟರ್ ಮೊದಲು ಕೇಳೋದು ಅದನ್ನೇ.

ನಿಮ್ಮ ಬೀದೀಲಿ ಲಕ್ವ ಆಗಿ ಮಾತು ಹೋದವರಿದ್ದರೆ ಅವರ ಮನೆಯವರಿಗೆ ಇದನ್ನ ವಾಟ್ಸಾಪ್ ಮಾಡಿ. ಮುಂದಿನ ವಾರ ಸಿಗೋಣ.