ಆರ್‌ಪಿಸಿ ಲೇಔಟಿನ ಗುಲಾಬಿಗೆ ಚಳಿಗಾಲದ ರಕ್ಷೆ

ಶೀತದೇಶಗಳಲ್ಲಿ ಗುಲಾಬಿಯನ್ನು ಬೆಳೆಸುವವರಿಗೆ ಚಳಿಗಾಲವೆಂದರೆ ಗಿಡದ ಪ್ರಾಣರಕ್ಷಣೆಯ ಕಾಲ. ಅಮೆರಿಕದ ಮಿನ್ನೆಸೋಟದಂಥ ಪ್ರಾಂತದಲ್ಲಿ, ಅಕ್ಟೋಬರ್ ಮಾಸವು ಕಳೆಯುವುದರೊಳಗಾಗಿಯೇ ಬುಡದ ಒಂದು ಮಗ್ಗುಲಿನ ಮಣ್ಣನ್ನು ಸಡಿಲಿಸಿ, ರೆಂಬೆಗಳನ್ನೆಲ್ಲ ಹಗ್ಗದಿಂದ ಬಿಗಿದು, ಇಡಿಯ ಗಿಡವನ್ನು ಮೆಲ್ಲನೆ ಬಾಗಿಸಿ ಪಕ್ಕದ ಗುಂಡಿಯಲ್ಲಿ ಮಲಗಿಸಿ, ಮಣ್ಣನ್ನೂ ಅದರ ಮೇಲೆ ತರಗೆಲೆಯನ್ನೂ ಹೊದಿಸಿ, ವಸಂತವು ಬರುವವರೆಗೆ ಹಾಗೆಯೇ ಬಿಡುವ ಪದ್ಧತಿಯುಂಟು. ಅಲ್ಲಿ ಗಿಡವನ್ನು ಕೊಲ್ಲುವುದು ಶೈತ್ಯವೊಂದೇ ಅಲ್ಲ. ಹಗಲಿನ ಬಿಸಿಲಿಗೆ ಕರಗಿದ ನೆಲವು ರಾತ್ರಿ ಮತ್ತೆ ಹೆಪ್ಪುಗಟ್ಟುವ ಏರಿಳಿತವು ಅದಕ್ಕಿಂತಲೂ ಘಾತುಕವಾದುದು. ಆದುದರಿಂದಲೇ ಅಲ್ಲಿಯವರು ಕಸಿ ಕಟ್ಟಿದ ಗಂಟನ್ನು ನೆಲಮಟ್ಟಕ್ಕಿಂತ ಎರಡು ಮೂರು ಅಂಗುಲ ಕೆಳಗಿಟ್ಟು ನೆಡುತ್ತಾರೆ. ವಿದೇಶದಲ್ಲಿ ನೆಲೆಸಿದ ಮಗಳೋ ಮಗನೋ ಹೇಳಿದ ಈ ಕ್ರಮವನ್ನು ಬೆಂಗಳೂರಿನ ವಿಜಯನಗರದ ಕಡೆಯ ತಾಯಂದಿರು ಇಲ್ಲಿಯೂ ಅನುಸರಿಸಹೊರಟರೆ ಗಂಟು ಕೊಳೆಯುವ ಭಯವುಂಟು. ನಮ್ಮಲ್ಲಿ ಅದು ಮಣ್ಣಿನಿಂದ ಮೇಲೆ, ಗಾಳಿಗೆ ತೆರೆದುಕೊಂಡೇ ಇರತಕ್ಕದ್ದು.

ಸಮುದ್ರಮಟ್ಟದಿಂದ 2,240 ಮೀಟರ್ ಎತ್ತರದ ಉದಕಮಂಡಲದಲ್ಲಿ ಡಿಸೆಂಬರ್ ಜನವರಿಗಳ ಮುಂಜಾನೆ ಹುಲ್ಲಿನ ಮೇಲೆ ಹಿಮ ಕಟ್ಟುವುದುಂಟು. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿಗೆ ಆ ಕಷ್ಟವಿಲ್ಲ. ಈ ನಗರದ ದಾಖಲೆಯಲ್ಲಿರುವ ಅತಿಕನಿಷ್ಠ ಉಷ್ಣತೆಯೆಂದರೆ 1884ರ ಜನವರಿ 13ರಂದು ಕಂಡ 7.8 ಡಿಗ್ರಿ ಸೆಲ್ಸಿಯಸ್. ಸಾಮಾನ್ಯ ವರ್ಷಗಳಲ್ಲಿ ಚಳಿಯ ರಾತ್ರಿಗಳು 15, 16 ಡಿಗ್ರಿಯ ಆಸುಪಾಸಿನಲ್ಲಿಯೇ ನಿಲ್ಲುತ್ತವೆ. ಗುಲಾಬಿಗೆ ಇದು ಸಂಕಟದ ಕಾಲವಲ್ಲ, ಯೌವನಕಾಲ. ಎಸಳು ದಪ್ಪವಾಗಿ, ಬಣ್ಣ ಗಾಢವಾಗಿ, ಅರಳಿದ ಹೂವು ದಿನಗಟ್ಟಲೆ ಗಿಡದಲ್ಲಿಯೇ ನಿಲ್ಲುವುದು ಈ ತಿಂಗಳುಗಳಲ್ಲಿ ಮಾತ್ರ. ಹೀಗಿರುವಾಗ ವಿಜಯನಗರದ ಆರ್‌ಪಿಸಿ ಲೇಔಟಿನಲ್ಲಿ ಗುಲಾಬಿಯ ಚಳಿಗಾಲದ ರಕ್ಷಣೆಯೆಂದರೆ ಜೀವದ ರಕ್ಷಣೆಯಲ್ಲ, ಹೂವಿನ ರಕ್ಷಣೆ.

ಆ ಕಾರ್ಯವು ಕತ್ತರಿಯಿಂದ ಆರಂಭವಾಗುತ್ತದೆ. ದಸರೆಯ ಮಳೆ ಹಿಂದೆಗೆದು ಒಂದೆರಡು ಒಣದಿನಗಳು ದೊರೆತೊಡನೆ, ಒಣಗಿದ ಮತ್ತು ಒಳಮುಖವಾಗಿ ಬೆಳೆದ ರೆಂಬೆಗಳನ್ನು ತೆಗೆದು, ಉಳಿದವನ್ನು ಹೊರಮುಖದ ಕಣ್ಣಿನಿಂದ ಕಾಲಂಗುಲ ಮೇಲಕ್ಕೆ ಓರೆಯಾಗಿ ಸವರಬೇಕು. ಮಳೆಯಲ್ಲಿ ಸವರಿದರೆ ಗಾಯದ ಮೂಲಕ ರೋಗವು ಹೊಕ್ಕು ರೆಂಬೆಯು ತುದಿಯಿಂದ ಕಪ್ಪಾಗಿ ಇಳಿಯತೊಡಗುತ್ತದೆ. ಬೋರ್ಡೋ ಪೇಸ್ಟನ್ನು ಹಚ್ಚುವುದು ಇದಕ್ಕಾಗಿ. ಸವರಿದ ಸುಮಾರು ಏಳು ವಾರಕ್ಕೆ ಹೂವು. ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನವು ನಡೆಯುವ ವೇಳೆಗೆ ತಮ್ಮ ಮನೆಯಂಗಳದಲ್ಲಿಯೂ ಗುಲಾಬಿ ತುಂಬಿರಬೇಕೆಂದು ಬಯಸುವವರು ಹಿಂದಿನಿಂದ ದಿನವನ್ನೆಣಿಸಿ ಡಿಸೆಂಬರಿನ ಮೊದಲ ವಾರದ ಸುಮಾರಿಗೆ ಕೆಲವು ಗಿಡಗಳನ್ನು ಸವರುವುದು ಜಾಣತನ.

ಇನ್ನು ಬೂದಿ ರೋಗ. ಎಳೆಯ ಚಿಗುರೆಲೆಯು ಅಂಚಿನಲ್ಲಿ ಮುದುಡಿಕೊಳ್ಳುವುದೂ, ಮೊಗ್ಗಿನ ಕುತ್ತಿಗೆಯ ಸುತ್ತ ಅಕ್ಕಿಹಿಟ್ಟು ಉದುರಿದಂಥ ಬಿಳಿಯ ಲೇಪವು ಕಾಣುವುದೂ ಇದರ ಮೊದಲ ಚಿಹ್ನೆಗಳು. ರಾತ್ರಿ 15, 16 ಡಿಗ್ರಿಯ ತಂಪು ಮತ್ತು ತುಂಬಿದ ಆರ್ದ್ರತೆ, ಹಗಲು 26, 27 ಡಿಗ್ರಿಯ ಒಣಬಿಸಿಲು, ಈ ಎರಡೂ ಕೂಡಿದಾಗ ಈ ಶಿಲೀಂಧ್ರವು ಹುಲುಸಾಗಿ ಹಬ್ಬುತ್ತದೆಯೆಂದು ಸಸ್ಯರೋಗಶಾಸ್ತ್ರವು ಹೇಳುತ್ತದೆ. ನಮ್ಮ ಡಿಸೆಂಬರಿನ ವರ್ಣನೆಯೇ ಅದು! ವಿಚಿತ್ರವೇನೆಂದರೆ, ಬೂದಿ ರೋಗದ ಬೀಜಾಣುವಿಗೆ ನೀರಿನ ಹನಿಯು ಒಗ್ಗದು. ಕಪ್ಪು ಚುಕ್ಕೆ ರೋಗದ ಬೀಜಾಣುವಿಗಾದರೋ ಎಲೆಯು ಏಳೆಂಟು ಗಂಟೆ ಒದ್ದೆಯಾಗಿಯೇ ಇರಬೇಕು. ಎರಡಕ್ಕೂ ಒಪ್ಪುವ ಉಪಾಯವೆಂದರೆ ಬೆಳಗಿನ ಬಿಸಿಲೇರುವ ಹೊತ್ತಿನಲ್ಲಿ ಎಲೆಗಳನ್ನು ನೀರಿನಿಂದ ತೊಳೆದು, ಹಗಲೇರುವುದರೊಳಗೆ ಅವು ಒಣಗುವಂತೆ ನೋಡಿಕೊಳ್ಳುವುದು. ಸಂಜೆಯ ನೀರು ಬುಡಕ್ಕೆ ಮಾತ್ರ, ಎಲೆಗೆ ಸಲ್ಲದು. ರೋಗವು ಬಲಿತರೆ ಲೀಟರಿಗೆ 2 ಗ್ರಾಂ ಪ್ರಮಾಣದಲ್ಲಿ ನೀರಿನಲ್ಲಿ ಕರಗುವ ಗಂಧಕವನ್ನು ಸಿಂಪಡಿಸಬಹುದು. ಫೆಬ್ರವರಿಯ ಬಿಸಿಲು 32 ಡಿಗ್ರಿಯನ್ನು ಮೀರಿದ ಮೇಲೆ ಅದೇ ಗಂಧಕವು ಎಲೆಯನ್ನು ಸುಡುತ್ತದೆ. ಹುಳಿ ಮಜ್ಜಿಗೆಯನ್ನು ತೆಳ್ಳಗೆ ಮಾಡಿ ಸಿಂಪಡಿಸುವ ನಮ್ಮ ಹಳೆಯ ರೂಢಿಯನ್ನೂ ಹಗುರವಾಗಿ ಕಾಣಬೇಕಾಗಿಲ್ಲ.

ಇಷ್ಟೆಲ್ಲ ಮಾಡಿದರೂ ಈ ಬಡಾವಣೆಯ ಎಷ್ಟೋ ಅಂಗಳಗಳಲ್ಲಿ ಚಳಿಗಾಲದ ಗುಲಾಬಿಯು ಹೂಬಿಡದೆ ಸೊರಗುವುದಕ್ಕೆ ಕಾರಣವು ರೋಗವಲ್ಲ, ನೆರಳು. ಜೂನಿನಲ್ಲಿ ಸೂರ್ಯನು ನಮ್ಮ ನೆತ್ತಿಗಿಂತ ತುಸು ಉತ್ತರಕ್ಕೆ ಸರಿದಿರುತ್ತಾನೆ. ಆಗ ಗಿಡವನ್ನು ನೆಟ್ಟವರಿಗೆ ದಕ್ಷಿಣದ ಮನೆಯ ನೆರಳಿನ ಅರಿವಾಗದು. ಡಿಸೆಂಬರಿನಲ್ಲಿ ಅವನು ದಕ್ಷಿಣಕ್ಕೆ ವಾಲಿ, ನಡುಹಗಲಿನಲ್ಲಿಯೂ 54 ಡಿಗ್ರಿಗಿಂತ ಮೇಲಕ್ಕೇರನು. 12 ಮೀಟರ್ ಎತ್ತರದ ಕಟ್ಟಡವೊಂದರ ನೆರಳು ಆಗ ಉತ್ತರಕ್ಕೆ 9 ಮೀಟರಿನಷ್ಟು, ಎಂದರೆ 30 ಅಡಿ ಅಗಲದ ನಿವೇಶನದ ಬಹುಮಟ್ಟಿನ ಅಗಲವನ್ನೆಲ್ಲ ಆವರಿಸುವಷ್ಟು ಚಾಚುತ್ತದೆ. ಹಳೆಯ ಒಂದಂತಸ್ತಿನ ಮನೆಗಳು ಒಂದೊಂದಾಗಿ ಅಳಿದು, ಕೆಳಗೆ ಕಾರು ನಿಲ್ಲಿಸುವ ಜಾಗವಿಟ್ಟು ಮೇಲೆ ಮೂರು ಮಹಡಿಗಳನ್ನೇರಿಸುವ ಈ ಕಾಲದಲ್ಲಿ, ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲನ್ನು ಬೇಡುವ ಗಿಡಕ್ಕೆ ಕಾಂಪೌಂಡಿನ ಒಳಗೆ ಇನ್ನು ಬದುಕಿಲ್ಲವೆಂಬುದನ್ನು ನಾನು ವ್ಯಥೆಯಿಂದಲೇ ಒಪ್ಪಿಕೊಳ್ಳುತ್ತೇನೆ.

ಉಳಿದಿರುವುದು ತಾರಸಿ. ಅಲ್ಲಿಯೂ ದಕ್ಷಿಣದ ಪ್ಯಾರಪೆಟ್ ಗೋಡೆಯ ಬುಡವನ್ನೂ, ನೀರಿನ ಟ್ಯಾಂಕು ಮತ್ತು ಮೆಟ್ಟಿಲ ಕೋಣೆಗಳ ಉತ್ತರದ ಮಗ್ಗುಲನ್ನೂ ಬಿಟ್ಟು, ಕುಂಡಗಳನ್ನು ತಾರಸಿಯ ಉತ್ತರಭಾಗದಲ್ಲಿ ಇಡಬೇಕು. ನೆಲದ ಗಿಡವನ್ನು ಎತ್ತಿ ಕುಂಡಕ್ಕೆ ಸಾಗಿಸುವುದಿದ್ದರೆ ಅಕ್ಟೋಬರಿನ ಸವರುವಿಕೆಯ ವೇಳೆಯೇ ಅದಕ್ಕೆ ಪ್ರಶಸ್ತವಾದುದು. ಬೇರಿನ ಸುತ್ತಣ ಮಣ್ಣಿನ ಹೆಂಟೆಯನ್ನು ಗೋಣಿಯಲ್ಲಿ ಬಿಗಿದು ಏರಿಸಿ, 14 ಅಂಗುಲಕ್ಕೆ ಕಡಿಮೆಯಿಲ್ಲದ ಕುಂಡದಲ್ಲಿ, ಕಸಿಯ ಗಂಟು ಮಣ್ಣಿಗಿಂತ ಮೇಲಿರುವಂತೆ ನೆಟ್ಟು, ಹೊಸ ಚಿಗುರು ಕಾಣುವವರೆಗೆ ಗಾಳಿಯ ಹೊಡೆತಕ್ಕೆ ಸಿಕ್ಕದಂತೆ ಕಾಯಬೇಕು.