ಕತ್ತಿಯ ಬೆನ್ನು ಏಕೆ ಕಪ್ಪು?

ಅಟ್ಟದಲ್ಲಿ ಅತ್ತೆಯ ಕಾಲದ ಕತ್ತಿ ಇದೆಯಾ? ತೆಗೆದು ನೋಡಿ. ಬಾಯಿ ಬೆಳ್ಳಗಿದೆ. ಬೆನ್ನು ಕಪ್ಪಗಿದೆ. ಈ ಕಪ್ಪು ಪೈಂಟ್ ಅಲ್ಲ. ಉಗುರಿನಿಂದ ಕೆರೆದರೆ ಏಳುವುದಿಲ್ಲ. ಹಾಗಾದರೆ ಏನಿದು?

ಆಚಾರಿಯವರ ಕುಲುಮೆಗೆ ಹೋಗಿ ನೋಡುವ. ಗೆರಟೆ ಮಸಿಯ ಬೆಂಕಿಯಲ್ಲಿ ಕಬ್ಬಿಣ ಕೆಂಪಾಗುತ್ತದೆ. ಕೆಂಪಾದ ಕಬ್ಬಿಣಕ್ಕೆ ಗಾಳಿ ತಾಗಿದರೆ ಮೇಲೆ ಕಪ್ಪು ಪೊರೆ ಬರುತ್ತದೆ. ನಮ್ಮ ಬಜಗೋಳಿಯಿಂದ ಘಟ್ಟ ಹತ್ತಿದರೆ ಕುದುರೆಮುಖ ಸಿಗುತ್ತದಲ್ಲ? ಅಲ್ಲಿ 2005ರ ಕೊನೆಯವರೆಗೆ ಕಬ್ಬಿಣದ ಅದಿರು ತೆಗೆಯುತ್ತಿದ್ದರು. ಆ ಅದಿರಿನ ಹೆಸರು ಮ್ಯಾಗ್ನೆಟೈಟ್. ಅದರ ಬಣ್ಣವೂ ಕಪ್ಪು. ಕತ್ತಿಯ ಪೊರೆಯಲ್ಲೂ ಅದೇ ಇದೆ.

ತುಕ್ಕು ಕೂಡ ಕಬ್ಬಿಣಕ್ಕೆ ಗಾಳಿ ಸೇರಿಯೇ ಆಗುವುದು. ಆದರೆ ಅದಕ್ಕೆ ನೀರೂ ಬೇಕು. ತುಕ್ಕು ಹುಡಿಯಾಗಿ ಉದುರುತ್ತದೆ, ಕಬ್ಬಿಣವನ್ನು ತಿನ್ನುತ್ತಾ ಹೋಗುತ್ತದೆ. ಕಪ್ಪು ಪೊರೆ ಅಂಟಿಕೊಂಡು ಕೂರುತ್ತದೆ.

ಆದರೂ ಆಟಿಯ ಮಳೆಗೆ ಈ ಪೊರೆ ಒಂದೇ ಸಾಲದು. ಅದಕ್ಕೇ ಬಿಸಿ ಕಬ್ಬಿಣಕ್ಕೆ ಎಣ್ಣೆ ಸವರುವುದು. ಎಣ್ಣೆ ಹೊಗೆಯಾಡಿ, ಗಟ್ಟಿಯಾಗಿ, ಇನ್ನೊಂದು ಪೊರೆ ಕಟ್ಟುತ್ತದೆ. ಅಕ್ಕಂದಿರೇ, ಇದು ನಿಮಗೆ ಹೊಸತಲ್ಲ. ಹೊಸ ಕಾವಲಿಯನ್ನು ಹೇಗೆ ಪಳಗಿಸುತ್ತೀರಿ? ಎಣ್ಣೆ ಸವರಿ ಕಾಯಿಸುತ್ತೀರಿ. ಪುನಃ ಸವರಿ ಕಾಯಿಸುತ್ತೀರಿ. ಕಾವಲಿ ಕಪ್ಪಾಗುತ್ತದೆ, ದೋಸೆ ಸಲೀಸಾಗಿ ಏಳುತ್ತದೆ. ಇಲ್ಲಿಯೂ ಅದೇ ವಿದ್ಯೆ.

ತುಕ್ಕು ಹಿಡಿದ ಹಾರೆಗೆ ಈ ಕಪ್ಪನ್ನು ನಾವೇ ಕೊಡಬಹುದು. ಮೊದಲು ಮರದ ಹಿಡಿ ಬಿಚ್ಚಿ. ಹೊಯಿಗೆ ಹಾಕಿ ತಿಕ್ಕಿ ತುಕ್ಕು ತೆಗೆಯಿರಿ. ತೊಳೆದು ಚೆನ್ನಾಗಿ ಒಣಗಿಸಿ. ಅಂಗಳದಲ್ಲಿ ಕೆಂಡದ ಮೇಲಿಟ್ಟು ಬಿಸಿ ಮಾಡಿ. ಮನೆಯೊಳಗೆ ಬೇಡ, ಹೊಗೆ ಜಾಸ್ತಿ. ಕೋಲಿಗೆ ಹತ್ತಿ ಬಟ್ಟೆ ಸುತ್ತಿ ಎಣ್ಣೆ ಸವರಿ. ಹೆಚ್ಚಾದದ್ದನ್ನು ಒರೆಸಿಬಿಡಿ. ದಪ್ಪ ಸವರಿದರೆ ಅಂಟಂಟಾಗಿ ಉಳಿಯುತ್ತದೆ. ಹೊಗೆ ನಿಲ್ಲುವವರೆಗೆ ಕಾಯಿಸಿ. ಹೀಗೆ 3-4 ಸಲ ಮಾಡಿ.

ತೆಂಗಿನೆಣ್ಣೆ ಆಗದಾ ಅಂತ ಕೇಳುತ್ತೀರಿ. ಮನೆಯಲ್ಲಿ ಇರುವುದು ಅದೇ ತಾನೆ! ಆದರೆ ಅದು ಗಟ್ಟಿ ಪೊರೆ ಕಟ್ಟುವ ಎಣ್ಣೆ ಅಲ್ಲ. ಅಗಸೆ ಎಣ್ಣೆ ಒಳ್ಳೆಯದು. ಸೂರ್ಯಕಾಂತಿ ಎಣ್ಣೆಯೂ ಆದೀತು. ಗಾಡಿಯ ಹಳೆ ಎಣ್ಣೆ ಬೇಡವೇ ಬೇಡ, ಅದರ ಹೊಗೆ ಕೆಟ್ಟದ್ದು. ಇನ್ನೊಂದು ಮಾತು. ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿಯೇ ಕಾದು ಬೆಂಕಿ ಹಿಡಿಯುವುದುಂಟು. ಹೊರಗೆ ಹರಡಿ ಒಣಗಿಸಿ.

ಕತ್ತಿಯ ವಿಷಯ ಬೇರೆ. ಅದರ ಬಾಯಿಗೆ ಆಚಾರಿಯವರು ಹದ ಕೊಟ್ಟಿರುತ್ತಾರೆ. ಬಾಯಿ ಹೆಚ್ಚು ಕಾದರೆ ಮೊದಲು ಹಳದಿ, ಆಮೇಲೆ ನೇರಳೆ, ಕೊನೆಗೆ ನೀಲಿ ಬಣ್ಣ ಬರುತ್ತದೆ. ನೀಲಿ ಬಂತೆಂದರೆ ಹದ ಹೋಯಿತು. ಮತ್ತೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಐವತ್ತು ವರ್ಷ ಬಾಳಿದ ಕತ್ತಿ ಅರ್ಧ ಗಂಟೆಯಲ್ಲಿ ಹಾಳಾದೀತು. ಹಾಗಾಗಿ ಕತ್ತಿಯನ್ನು ಆಚಾರಿಯವರ ಕೈಗೇ ಕೊಡಿ. "ಬೆನ್ನಿಗೆ ಮಾತ್ರ ಎಣ್ಣೆ ಕಾಯಿಸಿ, ಬಾಯಿಗೆ ಬೆಂಕಿ ತಾಗುವುದು ಬೇಡ" ಎಂದು ಹೇಳಿ. ಅವರಿಗೆ ಗೊತ್ತಿರುತ್ತದೆ. ಆದರೂ ಹೇಳಿ.

ಬಾಯಿಗೆ ಕಪ್ಪು ಬೇಕಾಗಿಯೂ ಇಲ್ಲ, ಅಲ್ಲಿ ಮಸೆಯುತ್ತಲೇ ಇರುತ್ತೇವಲ್ಲ. ಕೆಲಸ ಮುಗಿದ ಮೇಲೆ ನೀರು ಒರೆಸಿ. ತೆಂಗಿನೆಣ್ಣೆ ಈಗ ತನ್ನಿ. ಒಂದು ಹನಿ ಬಾಯಿಗೆ ಸವರಿ, ಮಕ್ಕಳ ಕೈಗೆ ಸಿಗದ ಹಾಗೆ ಮಾಡಿಗೆ ಸಿಕ್ಕಿಸಿ.